ವಾಸನೆ ಬಾರದ ಗ್ಯಾಸ್ ಮಿಸ್ತ್ರಿ

ಟ್ಯಾಂಕು ಸಿಡಿಯಬಹುದಿತ್ತು. ಸಿಡಿಯದಿದ್ದರೆ ಸೋರಬಹುದಿತ್ತು. ಸೋರಿದ್ದು ಗೊತ್ತಾಗದೆ, ನನ್ನ ಹೆಂಡತಿ ಸಂಜೆ ದೀಪ ಹಚ್ಚುವ ಕಿಟಕಿಯ ಕೆಳಗೇ ನಾನು ಕಾರು ನಿಲ್ಲಿಸಬಹುದಿತ್ತು. ಭತ್ತ ಹೇರಿಕೊಂಡ ಲಾರಿಯೊಂದು ಹಿಂದಿನಿಂದ ಬಂದು ಡಿಕ್ಕಿಗೇ ಗುದ್ದಬಹುದಿತ್ತು, ಟ್ಯಾಂಕಿದ್ದದ್ದೂ ಅಲ್ಲಿಯೇ. ಸುರಪುರದ ಏರಿನಲ್ಲಿ ಎಂಜಿನ್ನು ಬಾಯಿ ಮುಚ್ಚಿಕೊಂಡು, ಕಾರು ಹಿಂದಕ್ಕೆ ಉರುಳಿ, ಸಂತೆಗೆ ಹೊರಟವರ ಮೇಲೆ ಹೋಗಬಹುದಿತ್ತು. ಯಾದಗಿರಿ ರಸ್ತೆಯಲ್ಲಿ ಯಾರಾದರೂ ಕಾಗದ ಕೇಳಬಹುದಿತ್ತು, ಕಾಗದ ಇದ್ದೂ ಆ ದಿನವೇ ಅದು ಮನೆಯಲ್ಲಿ ಉಳಿದಿರಬಹುದಿತ್ತು. ದಾರಿಯಲ್ಲಿ ಹತ್ತಿಸಿಕೊಂಡ ಹಿರಿಯರೊಬ್ಬರು ಹಿಂದೆ ಕೂತು ಬೀಡಿ ಹಚ್ಚಬಹುದಿತ್ತು, ಬೇಡ ಅನ್ನಲು ನನಗೆ ಸಂಕೋಚವಾಗಬಹುದಿತ್ತು. ನಾನು ಸಾಯುವುದಿದ್ದರೆ ಸಂಕೋಚದಿಂದಲೇ ಎಂದು ನನಗೆ ಮೊದಲಿನಿಂದಲೂ ಗುಮಾನಿ.

ಕಾರಿಗೆ ಗ್ಯಾಸ್ ಕಿಟ್ ಹಾಕಿಸಿದ ದಿನದಿಂದ ತೆಗೆಸಿದ ದಿನದವರೆಗೆ ಇವಿಷ್ಟನ್ನೂ ನಾನು ಬೆಳಗಿನ ಚಹಾದ ಜೊತೆ ತಪ್ಪದೆ ಯೋಚಿಸಿದ್ದೇನೆ. ಒಂದೂ ಆಗಲಿಲ್ಲ. ಆದದ್ದು ಬೇರೆ, ತೀರಾ ಸಣ್ಣದು.

ಆ ಕಿಟ್ ಹಾಕಿದ ಮಿಸ್ತ್ರಿ ಹೋದ ತಿಂಗಳು ತೀರಿಕೊಂಡ. ಶಹಾಪುರದ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಯಾರೋ ಸುದ್ದಿ ಹೇಳಿದರು. ಹೇಳಿದವರು ಅದೇ ಉಸಿರಿನಲ್ಲಿ ಇನ್ನೊಂದು ಚಹಾಕ್ಕೆ ಕೂಗಿದರು. ಆತನ ಹೆಸರು ಬರೆಯುವುದಿಲ್ಲ. ಊರಲ್ಲಿ ಆತನನ್ನು ಹೆಸರಿನಿಂದ ಕರೆದವರನ್ನು ನಾನು ಕೇಳಿಯೂ ಇಲ್ಲ. ಗ್ಯಾಸ್ ಮಿಸ್ತ್ರಿ ಅನ್ನುತ್ತಿದ್ದರು, ಗ್ಯಾಸಿನ ಕೆಲಸ ಹೋದ ಮೇಲೂ ಹಾಗೆಯೇ ಅನ್ನುತ್ತಿದ್ದರು.

ಆತ ನನಗೆ ಗಂಟುಬಿದ್ದದ್ದು ನಾನು ಕಾಲುವೆಯ ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ. ರೈತರು ಬಂದು ನೀರು ಯಾವಾಗ ಬಿಡುತ್ತೀರೆಂದು ಕೇಳುವುದು, ನಾನು ಮೇಲಿನಿಂದ ಆದೇಶ ಬಂದಿಲ್ಲ ಅನ್ನುವುದು, ಇದು ನಮ್ಮ ದಿನಚರಿ. ಒಂದು ದಿನ ತೋಳಿನವರೆಗೆ ಕರಿ ಎಣ್ಣೆ ಮೆತ್ತಿಕೊಂಡ ಮನುಷ್ಯ ಬಂದು ಅದೇ ಪ್ರಶ್ನೆ ಕೇಳಿದ.

"ನಿಮ್ಮದು ಯಾವ ಊರು, ಎಷ್ಟು ಹೊಲ?" ಎಂದೆ.

"ಹೊಲ ಇಲ್ರಿ ಸರ್ರ, ಟ್ಯಾಂಕಿ ಅದಾವ."

"ಟ್ಯಾಂಕಿಗೆ ನೀರು ಬೇಕೇನು?"

"ಟ್ಯಾಂಕಿಗಿ ನೀರು ಬ್ಯಾಡ್ರಿ. ನೀರಿಗಿ ಟ್ಯಾಂಕಿ ಹಾಕಬೇಕು."

ಹುಚ್ಚನೆಂದು ತಿಳಿದು ಕುರ್ಚಿ ತೋರಿಸಿದೆ. ಹುಚ್ಚರನ್ನು ನಿಲ್ಲಿಸಿ ಮಾತಾಡಿಸಬಾರದೆಂಬುದು ನನ್ನ ಚಿಂತೆಗಳಲ್ಲೊಂದು. ಆತ ಕೂತು ಸಮಾಧಾನದಿಂದ ವಿವರಿಸಿದ. ಪೆಟ್ರೋಲ್ ಕಾರಿನ ಡಿಕ್ಕಿಯಲ್ಲಿ ಒಂದು ಉಕ್ಕಿನ ಟ್ಯಾಂಕು, ಕಾರಿನ ಹೊಟ್ಟೆಯ ಕೆಳಗೆ ತಾಮ್ರದ ಸಣ್ಣ ಪೈಪು, ಎಂಜಿನ್ನಿನ ಪಕ್ಕ ಗ್ಯಾಸನ್ನು ಹದಕ್ಕೆ ತರುವ ಒಂದು ಡಬ್ಬಿ, ಸ್ಟೇರಿಂಗ್ ಹತ್ತಿರ ಒಂದು ಸ್ವಿಚ್ಚು. ಸ್ವಿಚ್ಚು ಅತ್ತ ಒತ್ತಿದರೆ ಪೆಟ್ರೋಲು, ಇತ್ತ ಒತ್ತಿದರೆ ಗ್ಯಾಸು. ಇಷ್ಟೇ ಕೆಲಸ. ಆದರೆ ಟ್ಯಾಂಕು ಸೋರುತ್ತದೋ ಇಲ್ಲವೋ ನೋಡಬೇಕಲ್ಲ. ಬೇರೆ ಮಿಸ್ತ್ರಿಗಳು ಸಬಕಾರದ ನೀರು ಸವರಿ ನೋಡುತ್ತಾರೆ, ಇಲ್ಲವೆ ಮೂಗು ಹಿಡಿಯುತ್ತಾರೆ. ಈತನಿಗೆ ಸಬಕಾರದ ಮೇಲೆ ನಂಬಿಕೆಯಿಲ್ಲ.

"ಸಬಕಾರ ತಾನೇ ಗುಳ್ಳಿ ಬಿಡ್ತದ್ರಿ, ಅದರ ಮಾತು ಹ್ಯಾಂಗ ನಂಬೂದು? ಕಾಲುವಿ ನೀರು ಹಂಗಲ್ಲ. ಗುಳ್ಳಿ ಬಂತಂದ್ರ ಸೋರಾಕತ್ತದ. ಬರಲಿಲ್ಲಂದ್ರ ಇಲ್ಲ."

"ಮತ್ತೆ ಮೂಗು?"

ಆತ ತನ್ನ ಮೂಗಿನ ತುದಿಯನ್ನು ಕರಿ ಬೆರಳಿನಿಂದ ಮುಟ್ಟಿಕೊಂಡ. "ಇದು ಮಕದ ಮ್ಯಾಲೆ ಖಾಲಿ ಶೋಕಿಗಿ ಅದ್ರಿ. ವಾಸನಿ ಬರೂದಿಲ್ಲ."

ಹೈದರಾಬಾದಿನಲ್ಲಿ ಕೆಲಸ ಕಲಿಯುತ್ತಿದ್ದ ಪ್ರಾಯದಲ್ಲಿ ಆತ ರಬ್ಬರ್ ಪೈಪು ಬಾಯಿಗಿಟ್ಟು ಟ್ಯಾಂಕಿನಿಂದ ಪೆಟ್ರೋಲ್ ಎಳೆಯುತ್ತಿದ್ದನಂತೆ. ಒಂದು ಗುಟುಕು ಹೋಗಬಾರದ ಕಡೆ ಹೋಯಿತು. ಜ್ವರ ಬಂತು, ಜ್ವರ ಬಿಟ್ಟಿತು, ವಾಸನೆ ಮಾತ್ರ ಬಿಟ್ಟುಹೋದದ್ದು ಹೋಯಿತು. "ಪೆಟ್ರೋಲ್ ನನ್ನ ಮೂಗು ತಿಂತು. ನಾ ಅದರ ಅನ್ನ ತಿಂತೀನಿ, ನೋಡ್ತಿರ್ರಿ" ಎನ್ನುತ್ತಿದ್ದ. ಗ್ಯಾಸ್ ಕಿಟ್ಟಿನ ಮೇಲಿನ ಆತನ ಪ್ರೀತಿಯ ಹಿಂದೆ ವ್ಯಾಪಾರ ಅರ್ಧವಾದರೆ ಈ ಹಗೆ ಅರ್ಧ.

ವ್ಯಾಪಾರಕ್ಕೆ ಕಾಲ ಕೂಡಿಬಂದಂತೆಯೇ ಕಂಡಿತ್ತು. ಕೃಷ್ಣೆಯ ಕಾಲುವೆ ನಮ್ಮ ಕಡೆ ನೀರಿನ ಜೊತೆ ಭತ್ತವನ್ನೂ, ಭತ್ತದ ಜೊತೆ ಹೈದರಾಬಾದಿನ ಹಳೇ ಪೆಟ್ರೋಲ್ ಕಾರುಗಳನ್ನೂ ತಂದಿತು. ಹುಣಸಗಿಯಿಂದ ಶಹಾಪುರದವರೆಗೆ ಜೋಳ ಬೆಳೆಯುತ್ತಿದ್ದವರ ಅಂಗಳದಲ್ಲೆಲ್ಲ ಒಂದೊಂದು ಕಾರು. ಕೊಂಡಾದ ಮೇಲೆ ಅದಕ್ಕೆ ಪೆಟ್ರೋಲ್ ಕುಡಿಸುವುದು ಯಾರಿಂದ ಆದೀತು? ಕಾರುಗಳು ನಿಂತವು. ಕೋಳಿಗಳು ಹಿಂದಿನ ಸೀಟಿನಲ್ಲಿ ಮೊಟ್ಟೆಯಿಟ್ಟವು. ಈ ನಿಂತ ಕಾರುಗಳನ್ನೆಲ್ಲ ಗ್ಯಾಸಿನ ಮೇಲೆ ಓಡಿಸುತ್ತೇನೆಂದು ಮಿಸ್ತ್ರಿ, ಕಾಲುವೆಯ ಕೆಳಗೆ ಆಗತಾನೇ ನೀರು ಕಂಡ ತನ್ನ ಪಾಲಿನ ಹೊಲ ಮಾರಿ ಕಿಟ್ಟುಗಳನ್ನು ತಂದು ಶೆಡ್ಡಿನಲ್ಲಿ ಪೇರಿಸಿಟ್ಟ. ಊರೆಲ್ಲ ಹೊಲ ಕೊಳ್ಳುತ್ತಿದ್ದಾಗ ಮಾರಿದ ಒಬ್ಬನೇ ಗಂಡಸು.

ಒಂದೇ ತೊಡಕು. ಕಾರಿಗೆ ತುಂಬುವ ಗ್ಯಾಸು ನಮ್ಮ ಮೂರೂ ಊರುಗಳಲ್ಲಿ ಸಿಗುತ್ತಿರಲಿಲ್ಲ. ಯಾದಗಿರಿಯಲ್ಲಿಲ್ಲ, ಸುರಪುರದಲ್ಲಿಲ್ಲ, ಶಹಾಪುರದಲ್ಲಿಲ್ಲ. ಗುಲಬರ್ಗಾಕ್ಕೆ ಹೋಗಿ ತುಂಬಿಸಿಕೊಂಡು ಬರಬೇಕು; ಹೋಗಿ ಬರುವಷ್ಟರಲ್ಲಿ ತುಂಬಿದ್ದರಲ್ಲಿ ಒಳ್ಳೆಯ ಪಾಲು ಉರಿದಿರುತ್ತಿತ್ತು. ಶಹಾಪುರದಲ್ಲಿ ಹೊಸ ಬಂಕ್ ಆಗುತ್ತದೆ, ಅದರಲ್ಲಿ ಗ್ಯಾಸೂ ಇರುತ್ತದೆ ಎಂದು ರಸ್ತೆ ಗುತ್ತಿಗೆದಾರರೊಬ್ಬರು ಆತನಿಗೆ ಮಾತು ಕೊಟ್ಟಿದ್ದರು. ಆ ಬಂಕ್ ಬಂದರೆ ಶೆಡ್ಡು ಉಳಿಯುತ್ತದೆ, ಬಾರದಿದ್ದರೆ ಇಲ್ಲ. ಇದು ಆತನಿಗೆ ಗೊತ್ತಿತ್ತು, ಆತನ ಹೆಂಡತಿಗೆ ಗೊತ್ತಿತ್ತು, ಪರಿಚಯವಾದ ವಾರದಲ್ಲಿ ನನಗೂ ಗೊತ್ತಾಗಿ ನಾನು ಆತನ ಪರವಾಗಿಯೂ ಚಿಂತೆ ಮಾಡತೊಡಗಿದೆ.

"ಬಂಕ್ ಯಾವಾಗ ಬರ್ತದ್ರಿ ಮಿಸ್ತ್ರಿ?"

"ಯುಗಾದಿಗಿ."

ಯುಗಾದಿ ಹೋದ ಮೇಲೆ ಕೇಳಿದರೆ, "ನಾ ಯಾವ ಯುಗಾದಿ ಅಂದಿದ್ನೇನು?"

ಟ್ಯಾಂಕನ್ನು ನೀರಿಗೆ ಹಾಕುವ ಕೆಲಸ ನೋಡಲು ಜನ ಸೇರುತ್ತಿದ್ದರು. ಶೆಡ್ಡಿನ ಹತ್ತಿರವೇ ಕಾಲುವೆಯ ಕವಲೊಂದು ಹಾದುಹೋಗುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಗಾಳಿ ಬಿಗಿದು ತುಂಬಿಸಿದ ಟ್ಯಾಂಕಿಗೆ ಹಗ್ಗ ಕಟ್ಟಿ ನೀರಿಗೆ ಬಿಟ್ಟರೆ ಅದು ಮುಳುಗುವುದಿಲ್ಲ, ಕುಂಬಳಕಾಯಿಯಂತೆ ತೇಲುತ್ತದೆ. ಮಿಸ್ತ್ರಿ ಲುಂಗಿ ಮೇಲೆ ಕಟ್ಟಿ ನೀರಿಗಿಳಿದು ಎಮ್ಮೆಯ ಮೇಲೆ ಕೂತಂತೆ ಅದರ ಮೇಲೆ ಕೂತು, ತನ್ನ ಭಾರದಿಂದ ಅದನ್ನು ಮುಳುಗಿಸಿ, ಬಗ್ಗಿ ಗುಳ್ಳೆ ಹುಡುಕುತ್ತಿದ್ದ. ಕಾಲುವೆ ಬಂದಾದ ಬೇಸಿಗೆಯಲ್ಲಿ ಹೊಸ ಕಿಟ್ ಕೂರಿಸುತ್ತಿರಲಿಲ್ಲ. ಗಿರಾಕಿ ಎಷ್ಟು ಬೈದರೂ, "ನೀರು ಬಿಡ್ಲಿ, ಆಮ್ಯಾಲೆ ನೋಡಮು" ಎನ್ನುತ್ತಿದ್ದ. ನಮ್ಮ ಕಚೇರಿಯ ಆದೇಶಕ್ಕೆ ಕಾಯುತ್ತಿದ್ದ ಮೋಟಾರು ಮಿಸ್ತ್ರಿ ರಾಜ್ಯದಲ್ಲಿ ಇನ್ನೊಬ್ಬ ಇದ್ದಿರಲಾರ.

ಒಮ್ಮೆ ಹಗ್ಗ ಬಿಚ್ಚಿ ಟ್ಯಾಂಕು ತೇಲುತ್ತ ಹೋಯಿತು. ಕೆಳಗಿನ ಹಳ್ಳಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಅದನ್ನು ಕಂಡು ಚೀರಿದರು. ಗಂಡಸರು ಬಂದು ದಂಡೆಯಿಂದ ಕಲ್ಲು ಬೀರಿದರು. ಮಿಸ್ತ್ರಿ ಒದ್ದೆ ಲುಂಗಿಯಲ್ಲಿ ಏರಿಯ ಮೇಲೆ ಓಡುತ್ತ, "ಹೊಡೀಬ್ಯಾಡ್ರೋ! ಅದು ನಂದು!" ಎಂದು ಕೂಗಿದ.

ಒಬ್ಬ ಮುದುಕಿ ಸೊಂಟಕ್ಕೆ ಕೈಕೊಟ್ಟು, "ನಿಂದು ಅಂಬೂದು ಖರೆ, ಏನದು ಅಂತ ಹೇಳು ಮೊದ್ಲ" ಎಂದಳು.

"ಗ್ಯಾಸ್ ಟ್ಯಾಂಕಿ, ಯವ್ವಾ."

ಅಲ್ಲಿಯವರೆಗೆ ಓಡದೆ ನಿಂತವರೂ ಆಗ ಓಡಿದರು. ಅದರಲ್ಲಿರುವುದು ಬರೀ ಗಾಳಿ ಎಂದು ಹೇಳಲು ಆತನಿಗೆ ಒಬ್ಬರೂ ಸಿಗಲಿಲ್ಲ.

ಟ್ಯಾಂಕಿಗೇನೋ ಕಾಲುವೆ ಇತ್ತು. ಕಾರಿಗೆ ಕೂರಿಸಿದ ಮೇಲೆ ಪೈಪಿನ ಜೋಡಣೆಗಳನ್ನು ನೋಡುವುದು ಹೇಗೆ? ಆತ ಬೆರಳನ್ನು ನಾಲಿಗೆಗೆ ಹಚ್ಚಿ ಒಂದೊಂದು ಜೋಡಣೆಗೂ ಹಿಡಿಯುತ್ತಿದ್ದ. ಗ್ಯಾಸು ಸೋರಿದರೆ ಅಲ್ಲಿ ಬೆರಳು ತಣ್ಣಗಾಗುತ್ತದಂತೆ. ಅಷ್ಟು ಸಾಲದೆಂದು ಒಂದು ಮೂಗನ್ನೂ ಹುಡುಕಿದ. ಅದು ನನ್ನದು. "ಸರ್ರ, ಜರಾ ಮೂಗು ತಗೊಂಡು ಬರ್ರಿ" ಎಂದು ಸಂಜೆ ಹೊತ್ತು ಮನೆಗೆ ಬಂದು ಕರೆಯುತ್ತಿದ್ದ. ನನ್ನ ಹೆಂಡತಿ ಒಳಗಿನಿಂದಲೇ, "ಅವರ ಮೂಗಿಗಿ ಮನ್ಯಾಗಿನ ಹಾಲು ಉಕ್ಕಿದ್ದೂ ತಿಳಿಯಂಗಿಲ್ಲ ಮಿಸ್ತ್ರಿ, ನೀವು ಒಳ್ಳೇರ್ನ ಹುಡಿಕೀರಿ" ಎನ್ನುತ್ತಿದ್ದಳು.

ಆಕೆ ಹೇಳಿದ್ದು ಅರ್ಧ ಸತ್ಯ. ನನ್ನ ತೊಂದರೆ ವಾಸನೆ ಬಾರದ್ದಲ್ಲ, ಎಲ್ಲ ಕಡೆಯೂ ಬರುವುದು. ನಮ್ಮ ಮನೆಯಲ್ಲಿ ಗೋಡೆಗೆ ಬುದ್ಧನ ಫೋಟೊ ಇದೆ. ಕಿಟಕಿ ತೆರೆದರೆ ಮಲಗಿದ ಬುದ್ಧನಂತೆಯೇ ಕಾಣುವ ಶಹಾಪುರದ ಬೆಟ್ಟವಿದೆ. ಎರಡರ ನಡುವೆ ಕೂತು ಇಷ್ಟು ಚಿಂತೆ ಮಾಡುವ ಮನುಷ್ಯ ನಾನೊಬ್ಬನೇ. ಉಳ್ಳಾಗಡ್ಡಿ ವ್ಯಾಪಾರಿಯೊಬ್ಬನ ಕಾರನ್ನು ಮೂಸಿ ನೋಡಿ, ಸೋರುತ್ತಿದೆ, ಖಂಡಿತ ಸೋರುತ್ತಿದೆ ಎಂದುಬಿಟ್ಟೆ. ಮಿಸ್ತ್ರಿ ಇಡೀ ಪೈಪು ಬಿಚ್ಚಿದ, ಮತ್ತೆ ಕೂರಿಸಿದ. ನಾನು ಮತ್ತೆ ಮೂಸಿದೆ. ವಾಸನೆ ಹಾಗೆಯೇ ಇತ್ತು. ಮತ್ತೆ ಬಿಚ್ಚಿದ. ಕೊನೆಗೆ ವ್ಯಾಪಾರಿಯ ಹಿಂದಿನ ಸೀಟಿನ ಕೆಳಗೆ ಕೊಳೆತ ಈರುಳ್ಳಿಯ ಅರ್ಧ ಚೀಲ ಸಿಕ್ಕಿತು.

ಬೈಯುತ್ತಾನೆಂದು ತಲೆ ತಗ್ಗಿಸಿ ನಿಂತೆ. ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ, "ಬರೋಬರಿ ಗೌರ್ಮೆಂಟ್ ಮೂಗು ನಿಮ್ದು. ಎಲ್ಲಾದಕ್ಕೂ ತಕರಾರು" ಎಂದ. ಆದರೂ ಮರುದಿನ ಮತ್ತೆ ಕರೆಯಲು ಬಂದ. ಸುಳ್ಳು ಹೇಳುವ ಮೂಗಿಗಿಂತ ಹೆದರುವ ಮೂಗು ವಾಸಿ ಎಂಬುದು ಆತನ ಲೆಕ್ಕಾಚಾರ.

ಹೀಗೆ ಮೂಗು ಕೊಡಲು ಹೋಗಿ ಕಾರನ್ನೂ ಕೊಟ್ಟೆ. ಬಸ್ಸು ತಪ್ಪುವ ಚಿಂತೆಗೆ ಹಳೇ ಕಾರು ಕೊಂಡಿದ್ದೆ, ಪೆಟ್ರೋಲಿನ ಚಿಂತೆಗೆ ಗ್ಯಾಸ್ ಹಾಕಿಸಿದೆ, ಗ್ಯಾಸಿನ ಚಿಂತೆಗೆ ಔಷಧಿ ಸಿಗಲಿಲ್ಲ. "ಫಿಕರ್ ಮಾಡಬ್ಯಾಡ್ರಿ" ಎಂದು ಮಿಸ್ತ್ರಿ ಹೇಳಿದಾಗಲೆಲ್ಲ ನನಗೆ ಹೊಸದೊಂದು ಫಿಕರ್ ಹುಟ್ಟುತ್ತಿತ್ತು.

ಒಂದು ವರ್ಷ, ಬೇಸಿಗೆಯ ನಂತರ ಕಾಲುವೆಗೆ ಮೊದಲ ನೀರು ಬಿಟ್ಟ ದಿನ ಇಬ್ಬರೂ ಏರಿಯ ಮೇಲೆ ನಿಂತಿದ್ದೆವು. ಒಣಗಿ ಬಿರಿದ ತಳದ ಮೇಲೆ ಕೆಂಪು ನೀರು ಕಸಕಡ್ಡಿ ತಳ್ಳಿಕೊಂಡು ಬರುತ್ತಿತ್ತು. ಮಿಸ್ತ್ರಿ ಕೇಳಿದ: "ಈಗ ವಾಸನಿ ಹ್ಯಾಂಗ ಬರಾಕತ್ತದ್ರಿ?"

ನಾನು ಜೀವನವಿಡೀ ಕಡತಗಳಲ್ಲಿ ಬರೆದವನು. ಬಹಳ ಯೋಚಿಸಿ, "ಹಸಿ… ಹಸಿ ಮಣ್ಣಿನ ವಾಸನೆ" ಎಂದೆ.

"ಅದು ನನಗೂ ಗೊತ್ತದ" ಎಂದು ಆತ ನೀರನ್ನೇ ನೋಡುತ್ತ ನಿಂತ. ಅದಕ್ಕಿಂತ ಹೆಚ್ಚಿನದನ್ನು ಹೇಳಲು ನನಗೆ ಇವತ್ತಿಗೂ ಬಂದಿಲ್ಲ.

ವರ್ಷಗಳು ಕಳೆದರೂ ಬಂಕ್ ಬರಲಿಲ್ಲ. ಜನ ಎಷ್ಟು ದಿನ ಕಾದಾರು? ಅಡುಗೆಮನೆಯ ಸಿಲಿಂಡರಿನಿಂದಲೇ ಕಾರಿಗೆ ಕದ್ದುಮುಚ್ಚಿ ಗ್ಯಾಸ್ ಇಳಿಸಿಕೊಡುವವರು ಅಲ್ಲಲ್ಲಿ ಹುಟ್ಟಿಕೊಂಡರು. ಮಿಸ್ತ್ರಿಯ ಗಿರಾಕಿಗಳು ಒಬ್ಬೊಬ್ಬರಾಗಿ ಆ ಕಡೆ ಹೋದರು. "ನೀವೂ ಮಾಡ್ರಲ್ಲ" ಎಂದು ಆತನ ಹೆಂಡತಿ ನನ್ನೆದುರಿಗೇ ಜಗಳ ತೆಗೆದಳು. "ಊರು ಮಂದಿ ಎಲ್ಲ ಮಾಡಾಕತ್ತಾರ. ನೀವೊಬ್ರೇ ಶಾಣ್ಯಾ?"

"ಶಾಣ್ಯಾತನದ ಮಾತಲ್ಲ, ವಾಸನಿ ಬರೂದಿಲ್ಲ ನನಗ" ಎಂದ ಮಿಸ್ತ್ರಿ. ಆಮೇಲೆ ನನ್ನ ಕಡೆ ತಿರುಗಿ, "ಬಂದಿದ್ರ ನಾನೂ ಮಾಡ್ತಿದ್ನೇನೋ ಸರ್ರ" ಎಂದ. ಆತನಲ್ಲಿ ನನಗೆ ಹಿಡಿಸುತ್ತಿದ್ದದ್ದು ಇದು. ತನ್ನ ಒಳ್ಳೆಯತನಕ್ಕೂ ಆತ ಒಂದು ದೋಷದ ಕಾರಣವನ್ನೇ ಕೊಡುತ್ತಿದ್ದ.

ಕೊನೆಯ ವರ್ಷಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ತಾನೇ ಹಾಕಿದ ಕಿಟ್ಟುಗಳನ್ನು ಒಂದೊಂದಾಗಿ ತಾನೇ ಬಿಚ್ಚಿಕೊಟ್ಟ; ಬಿಚ್ಚುವಾಗಲೂ ಬೆರಳನ್ನು ನಾಲಿಗೆಗೆ ಹಚ್ಚಿ ನೋಡುತ್ತಿದ್ದ. ಡೀಸೆಲ್ ಗಾಡಿಗಳು ಬಂದವು, ಕಾರುಗಳು ಗುಜರಿಗೆ ಹೋದವು. ಶೆಡ್ಡು ಗೊಬ್ಬರದ ಗೋದಾಮಾಯಿತು. ಆತ ಬೇರೆಯವರ ಅಂಗಡಿಯಲ್ಲಿ ಟ್ರಾಕ್ಟರ್ ಟೈರಿಗೆ ಗಾಳಿ ತುಂಬುತ್ತ ಕೂತ. ನನ್ನನ್ನು ಕಂಡರೆ ಕೈಯೆತ್ತುತ್ತಿದ್ದ, ಕರೆಯುತ್ತಿರಲಿಲ್ಲ. ಈ ಇಳಿಜಾರು ಎಲ್ಲಿಂದ ಶುರುವಾಯಿತೆಂದು ಹೇಳಬಲ್ಲವನು ನಾನೊಬ್ಬನೇ ಇರಬೇಕು, ಏಕೆಂದರೆ ಆ ದಿನ ಕಾರು ನಡೆಸುತ್ತಿದ್ದವನು ನಾನು.

ಅದು ಬಂಕ್ ಕೊನೆಗೂ ಶುರುವಾದ ದಿನ. ಹೌದು, ಅದು ಬಂದಿತ್ತು. ಒಂದು ವಾರ ಮೊದಲೇ ಮಿಸ್ತ್ರಿ ನಮ್ಮ ಮನೆಗೆ ಬಂದಿದ್ದ. "ಶಹಾಪುರದ ಪೈಲಾ ಗ್ಯಾಸು ನಿಮ್ಮ ಗಾಡಿಗೇ ತುಂಬಸೂದು. ಟ್ಯಾಂಕಿ ಖಾಲಿ ಮಾಡಿ ಇಟ್ಟಿರ್ರಿ." ನಾನು ಓಡಿಸಿ ಓಡಿಸಿ ಗ್ಯಾಸಿನ ಮುಳ್ಳನ್ನು ಕೆಳಕ್ಕಿಳಿಸಿದೆ. ಹಿಂದಿನ ದಿನ ಆತ ನನ್ನ ಪೆಟ್ರೋಲ್ ಟ್ಯಾಂಕನ್ನೂ ಬರಿದುಮಾಡಿ, ಡಬ್ಬಿಗೆ ಹಿಡಿದು ಶೆಡ್ಡಿನಲ್ಲಿಟ್ಟ. ಜನರ ಮುಂದೆ ಮುಚ್ಚಳ ತೆಗೆದು ತೋರಿಸುವುದಿತ್ತಂತೆ: ನೋಡ್ರಿ, ಒಂದು ಹನಿ ಪೆಟ್ರೋಲಿಲ್ಲದೆ ಗಾಡಿ ಓಡುತ್ತದೆ. ಬೇರೆ ದಿನವಾಗಿದ್ದರೆ ಪೆಟ್ರೋಲಿಲ್ಲದ ಕಾರನ್ನು ನಾನು ಹೊರಗೆ ತೆಗೆಯುತ್ತಿರಲಿಲ್ಲ. ಆದರೆ ಆ ಬೆಳಿಗ್ಗೆ ಆತ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಉಗುರಿನ ಸಂದಿಯವರೆಗೂ ಕೈ ತಿಕ್ಕಿ ತೊಳೆದುಕೊಂಡು ಬಂದಿದ್ದ. ಅದನ್ನು ನೋಡುತ್ತ ನನಗೆ ಚಿಂತೆ ಮಾಡುವುದು ಮರೆತುಹೋಯಿತು.

ಬಂಕಿನಲ್ಲಿ ಬಾಳೆಕಂಬ, ಚೆಂಡುಹೂವಿನ ಮಾಲೆ, ಪೇಡೆ. ಒಂದು ಕಟ್ಟೆಯ ಮೇಲೆ ಪೆಟ್ರೋಲಿನ ಪಂಪು, ಇನ್ನೊಂದರ ಮೇಲೆ ಡೀಸೆಲಿನದು. ಮೂರನೆಯ ಕಟ್ಟೆ ಬರಿದಾಗಿತ್ತು, ಬೋಲ್ಟುಗಳು ಮಾತ್ರ ಮೇಲೆದ್ದಿದ್ದವು. ಮಿಸ್ತ್ರಿ ಅದರ ಪಕ್ಕವೇ ಕಾರು ನಿಲ್ಲಿಸೆಂದ. ಬಂಕಿನ ಮ್ಯಾನೇಜರು ಬಂದರು.

"ಇಲ್ಲ್ಯಾಕ ಹಚ್ಚೀರಿ? ಇಲ್ಲೇನೂ ಸಿಗಂಗಿಲ್ಲ."

"ಗ್ಯಾಸ್ರಿ" ಎಂದ ಮಿಸ್ತ್ರಿ.

"ಗ್ಯಾಸ್ ಕ್ಯಾನ್ಸಲ್ ಆಗ್ಯಾದ. ಮ್ಯಾಲಿನವರು ಸರ್ವೇ ಮಾಡ್ಯಾರ. ಈ ಕಡಿ ಗ್ಯಾಸಿನ ಗಾಡೀನೇ ಇಲ್ಲಂತ."

ಮಿಸ್ತ್ರಿ ನನ್ನ ಕಾರಿನ ಬಾನೆಟ್ ಮೇಲೆ ಅಂಗೈಯಿಂದ ಬಡಿದ. "ಮತ್ತ ಇದೇನ್ರಿ, ಎತ್ತಿನ ಗಾಡಿ?"

ಜನ ನಕ್ಕರು. ಮ್ಯಾನೇಜರೂ ನಕ್ಕು, "ಒಂದು ಗಾಡಿ ಸಲುವಾಗಿ ಪಂಪು ಕೂರಸ್ತಾರೇನ್ರಿ?" ಎಂದರು.

ಆಗ ಸೀಸೆ ಹಿಡಿದು ಪೆಟ್ರೋಲಿಗೆ ನಿಂತಿದ್ದ ಉಳ್ಳಾಗಡ್ಡಿ ವ್ಯಾಪಾರಿ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಮಿಸ್ತ್ರಿ, ಹಿಂದಕ್ಕ ಒಬ್ಬಾಂವ ಹಾಳಿ ಹಿಡಕೊಂಡು ಬಂದಿದ್ದ ನೋಡು. ಯಾರ ಯಾರ ಗಾಡಿ ಗ್ಯಾಸಿಂದು ಅಂತ ಕೇಳಿದ. ಸಿಲಿಂಡರ್ ಹಿಡಿಯಾಕ ಬಂದಾನ ಅಂತ ತಿಳದು ಎಲ್ಲಾರೂ ಇಲ್ಲ ಅಂದ್ವಿ."

"ನೀನು ಯಾಕ ಅಂದಿ? ನಿನ್ನ ಗಾಡಿಗಿ ನಾ ಯಾದಗಿರಿಗಿ ಹೋಗಿ ಗ್ಯಾಸಿನ ಕಾಗದ ಮಾಡಿಸಿ ಕೊಟ್ಟಿದ್ನಲ್ಲೋ?"

"ಎಲ್ಲಾರೂ ಇಲ್ಲ ಅಂದಾಗ ನಾ ಒಬ್ಬಾಂವ ಹೌದು ಅಂದ್ರ ಹ್ಯಾಂಗ?"

"ನಾ ಎಲ್ಲಿ ಹೋಗಿದ್ದೆ ಆವತ್ತ? ನನ್ನ ಕೇಳಬಾರ್ದೇನು?"

"ನೀ ಗುಲಬರ್ಗಾಕ್ಕ ಹೋಗಿದ್ದಿ. ನಂದೇ ಗಾಡಿ ತಗೊಂಡು. ಗ್ಯಾಸ್ ತುಂಬಸಾಕ."

ಯಾರೋ ಮಿಸ್ತ್ರಿಯ ಕೈಗೆ ಪೇಡೆ ಕೊಟ್ಟರು. ಅದನ್ನು ಹಿಡಿದುಕೊಂಡೇ ಕಾರು ಹತ್ತಿದ. "ನಡೀರಿ ಸರ್ರ."

ಸುರಪುರದ ರಸ್ತೆ ಹಿಡಿದೆ. ಕಾಲುವೆಯ ಸೇತುವೆ ಬರುತ್ತಲೇ ಎಂಜಿನ್ನು ಎರಡು ಸಲ ಕೆಮ್ಮಿ ಸುಮ್ಮನಾಯಿತು. ನಾನು ಮೊದಲು ಗಾಳಿಯನ್ನು ಮೂಸಿದೆ; ಏನೂ ಇಲ್ಲ. ಹಿಂದೆ ನೋಡಿದೆ, ಲಾರಿ ಇಲ್ಲ. ಹೊಗೆಯಿಲ್ಲ, ಬೆಂಕಿಯಿಲ್ಲ. ಮಿಸ್ತ್ರಿ ಗ್ಯಾಸಿನ ಮುಳ್ಳು ನೋಡಿದ, ನಾನು ಪೆಟ್ರೋಲಿನ ಮುಳ್ಳು ನೋಡಿದೆ. ಆತನ ಮಾತಿಗೆ ನಾನು ಒಂದನ್ನು, ಜನರಿಗೆ ತೋರಿಸಲು ಆತ ಇನ್ನೊಂದನ್ನು ಬರಿದುಮಾಡಿದ್ದೆವು. ಬಂಕಿಗೆ ಹೋಗಿಯೂ ಒಂದು ಹನಿ ಹಾಕಿಸದೆ ಬಂದಿದ್ದೆವು. ಬಂಕು ಹಿಂದೆ ಕಾಣುತ್ತಲೇ ಇತ್ತು. ಅಲ್ಲಿ ಪೆಟ್ರೋಲ್ ಸಿಗುತ್ತದೆಂದು ಹೇಳುವ ಧೈರ್ಯ ನನಗಾಗಲಿಲ್ಲ.

"ಶೆಡ್ಡಿನ್ಯಾಗ ಡಬ್ಬಿ ಅದ" ಎಂದು ಆತ ಕೆಳಗಿಳಿದ. "ನೀವು ಸ್ಟೇರಿಂಗ್ ಹಿಡೀರಿ."

ಬಿಳಿ ಅಂಗಿಯ ಭುಜವನ್ನು ಡಿಕ್ಕಿಗೆ ಕೊಟ್ಟು ನೂಕತೊಡಗಿದ. ಎದುರಿನಿಂದ ಬಂದ ಟ್ರಾಕ್ಟರಿನವನು ವೇಗ ತಗ್ಗಿಸಿ, "ಏನಾಗ್ಯಾದ್ರಿ ಮಿಸ್ತ್ರಿ ಗಾಡಿಗಿ?" ಎಂದು ಕೂಗಿದ.

"ಏನೂ ಆಗಿಲ್ಲಪಾ" ಎಂದ ಮಿಸ್ತ್ರಿ ಹಿಂದಿನಿಂದ. "ಖಾಲಿ ಆಗ್ಯಾದ."